ರೈಟ್ ಕ್ಲಿಕ್ ಮಾಡಿದರೆ ಹೆಂಡತಿಯ ಬ್ರೌಸರು

ದೊಡ್ಡ ವಿಷಯಗಳಲ್ಲಿ ನಾನು ಬಲು ಬೇಗ ಸೋಲೊಪ್ಪಿಕೊಳ್ಳುವ ಮನುಷ್ಯ. ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು, ನಾನು ಮೀಸೆ ಬಿಡಬೇಕೋ ಬೋಳಿಸಬೇಕೋ ಎಂಬಂಥ ಪ್ರಶ್ನೆಗಳು ಎದ್ದಾಗಲೆಲ್ಲ ಉಳಿದವರು ಹೇಳಿದ್ದಕ್ಕೆ 'ಆಗಲಿ' ಎಂದು ಟವೆಲ್ ಕೊಡವಿ ಎದ್ದುಬಂದವನು. ಸಣ್ಣ ವಿಷಯಗಳಲ್ಲಿ ಮಾತ್ರ ನನ್ನನ್ನು ಯಾರೂ ಅಲುಗಾಡಿಸಲಾರರು. ಒಮ್ಮೆ ನಮ್ಮ ಗೋಡೆ ಗಡಿಯಾರ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳತೊಡಗಿತು. ಹೊಸದು ತನ್ನಿ ಎಂದರು ಮನೆಯವರು. ನಾನು ಅದನ್ನು ಬಿಚ್ಚಿಕೊಂಡು ಹನ್ನೆರಡು ದಿನ ಕೂತೆ. ಈಗ ಅದು ದಿನಕ್ಕೆ ಮೂರು ನಿಮಿಷ ಮುಂದೆ ಓಡುತ್ತದೆ. ಇದನ್ನು ಮನೆಯವರು ಸೋಲು ಎನ್ನುತ್ತಾರೆ. ನಾನು ಅಂದಿನಿಂದ ಒಂದು ದಿನವೂ ಬಸ್ಸು ತಪ್ಪಿಸಿಕೊಂಡಿಲ್ಲ, ಆದ್ದರಿಂದ ಗೆಲುವು ಎನ್ನುತ್ತೇನೆ. ಇಂಥ ಸ್ವಭಾವದವನ ಕೈಗೆ ಕಂಪ್ಯೂಟರ್ ಸಿಕ್ಕಿದರೆ ಏನಾಗಬಹುದೋ ಅದೇ ಆಯಿತು.

ನನ್ನ ಕಸುಬು ಪತ್ರ ಬರೆಯುವುದು. ಪ್ರೇಮಪತ್ರವಲ್ಲ, ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ನಡುನಡುವೆ ಊರವರ ತರಾವರಿ ಅರ್ಜಿ. ಕೊಳ್ಳೇಗಾಲದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಹತ್ತಿರ ಒಂದು ಮೇಜು, ಎರಡು ಕುರ್ಚಿ, ಒಂದು ಬೆಂಚು ಇಟ್ಟುಕೊಂಡು ಮೂವತ್ತು ವರ್ಷದಿಂದ ಊರವರ ಆಸ್ತಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಿದ್ದೇನೆ. ಹಗಲಲ್ಲಿ ಪಾರ್ಟಿಗಳ ಮಾತು ಕೇಳಿ ಗುರುತು ಹಾಕಿಕೊಳ್ಳುವುದು, ಬೆಳಗ್ಗೆ ಬೇಗ ಎದ್ದು ಮನೆಯ ಕಂಪ್ಯೂಟರಿನಲ್ಲಿ ಕರಡು ತಯಾರಿಸುವುದು ನನ್ನ ಕ್ರಮ. ಇದರಲ್ಲಿ ಒಂದು ಪದ್ಧತಿಯನ್ನು ಎಂದೂ ಬಿಟ್ಟವನಲ್ಲ. ಪ್ರತಿ ಕರಡಿನ ತಲೆಯ ಮೇಲೆ ಪಾರ್ಟಿಯ ಸಂಶಯವನ್ನು ಪಾರ್ಟಿಯ ಮಾತಿನಲ್ಲೇ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತೇನೆ. 'ಎರಡನೇ ಹೆಂಡತಿಗೆ ಜಮೀನಿನಲ್ಲಿ ಪಾಲು ಉಂಟೇ?' 'ಹೆಂಡತಿಗೆ ಗೊತ್ತಿಲ್ಲದ ಹಾಗೆ ಗದ್ದೆ ಮಾರಬಹುದೇ?' ಇತ್ಯಾದಿ. ಹನೂರಿನ ಕಡೆಯಿಂದ ಬರುವವರೊಬ್ಬರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದ್ದರು. ಕೇಳಿ ಮುಗಿಸಿ, "ನನ್ಗಲ್ಲ ಸಾ, ನಮ್ ಪಕ್ಕದ್ಮನೆಯವ್ರಿಗೆ" ಅಂದಿದ್ದರು. ಬರೆದ ಮೇಲೆ ಆ ಸಾಲನ್ನು ಮೌಸಿನಿಂದ ಬಳಿದು, ರೈಟ್ ಕ್ಲಿಕ್ ಮಾಡಿ, 'ವೆಬ್‌ನಲ್ಲಿ ಹುಡುಕು' ಎಂಬುದನ್ನು ಒತ್ತಿದರೆ ಸಾಕು, ಕಾನೂನು ಏನು ಹೇಳುತ್ತದೆಂದು ಕಂಪ್ಯೂಟರು ಹುಡುಕಿ ತೋರಿಸುತ್ತದೆ. ಈ ಸೌಕರ್ಯ ಕಂಡುಕೊಂಡ ದಿನದಿಂದ ನನ್ನ ಬೆರಳಿಗೆ ಬೇರೆ ದಾರಿಯೇ ಮರೆತುಹೋಗಿದೆ.

ಇನ್ನು ಮನೆಯ ಕಂಪ್ಯೂಟರಿನ ವಿಚಾರ. ಅದು ಒಂದೇ, ಬ್ರೌಸರು ಮಾತ್ರ ಎರಡು. ಯಂತ್ರದ ಜೊತೆಗೇ ಬಂದದ್ದು ಒಂದು. ಅದರ ಗುರುತಿನ ಬಣ್ಣ ನೀಲಿ. ನಾನು ಆಮೇಲೆ ಹಾಕಿಸಿಕೊಂಡದ್ದು ಇನ್ನೊಂದು, ಅದು ಕಿತ್ತಳೆ. ನೀಲಿ ನನ್ನ ಹೆಂಡತಿ ನಾಗಮಣಿಯದು, ಕಿತ್ತಳೆ ನನ್ನದು. ನಮ್ಮ ಮನೆಯಲ್ಲಿ ಊಟದ ತಟ್ಟೆ, ಸ್ನಾನದ ಟವೆಲ್, ಕೂರುವ ಕುರ್ಚಿ ಎಲ್ಲವೂ ಹೀಗೆ ಇವರದು ಅವರದು ಎಂದು ಗೊತ್ತಾಗಿರುವಂಥವೇ. ನಾಗಮಣಿ ಮಾಂಬಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಬೆಳಗ್ಗೆ ಯಳಂದೂರು ಬಸ್ಸು ಹತ್ತಿ ಹೋಗಿ ಸಂಜೆ ಬರುತ್ತಾಳೆ. ನೀಲಿ ಬ್ರೌಸರಿನಲ್ಲಿ ಅವಳ ಇಲಾಖೆಯ ಪಾಸ್‌ವರ್ಡುಗಳು, ಮಕ್ಕಳ ಹಾಜರಾತಿ, ಪಾಠದ ವಿಡಿಯೋಗಳು ಎಲ್ಲ ಇವೆ. ಅದೇ ಖಾತೆ ಅವಳ ಮೊಬೈಲಿನಲ್ಲೂ ಇದೆ, ಶಾಲೆಯ ಕಂಪ್ಯೂಟರಿನಲ್ಲೂ ಇದೆ. ಮನೆಯಲ್ಲಿ ನೀಲಿಯಲ್ಲಿ ಹುಡುಕಿದ್ದು ಶಾಲೆಯ ನೀಲಿಗೂ ಗೊತ್ತಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ನಾನು ಕಿತ್ತಳೆಯವನಾದ್ದರಿಂದ ನನಗೆ ಅದರ ಚಿಂತೆ ಇರಲಿಲ್ಲ. ಆದರೆ ನಾನು ಗಮನಿಸದ ಒಂದು ಸಂಗತಿ ಇತ್ತು. ರೈಟ್ ಕ್ಲಿಕ್ ಮಾಡಿ 'ಹುಡುಕು' ಎಂದಾಗ ಕಂಪ್ಯೂಟರು ನನ್ನ ಕಿತ್ತಳೆಯನ್ನು ತೆರೆಯುತ್ತಿರಲಿಲ್ಲ, ನೀಲಿಯನ್ನೇ ತೆರೆಯುತ್ತಿತ್ತು. ನಾನು ಉತ್ತರ ಓದುವ ಆತುರದಲ್ಲಿ ಬಣ್ಣ ನೋಡುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ನಾಗಮಣಿ ಮೂರನೇ ತರಗತಿಗೆ ಪರಿಸರ ಅಧ್ಯಯನದ ಪಾಠ ತೋರಿಸಲು ಶಾಲೆಯ ಕಂಪ್ಯೂಟರ್ ತೆರೆದು, ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬೆಳಕು ಬಿಟ್ಟಳು. ಹುಡುಕುವ ಜಾಗದಲ್ಲಿ 'ಪರಿಸರ' ಎಂದು ಬರೆಯಹೋಗಿ ಇನ್ನೂ 'ಪರ' ಎನ್ನುವಷ್ಟರಲ್ಲಿ, ಹಿಂದೆ ಹುಡುಕಿದ್ದನ್ನೆಲ್ಲ ನೆನಪಿಟ್ಟುಕೊಂಡಿದ್ದ ಬ್ರೌಸರು ತಾನೇ ಮುಂದಾಗಿ ಕೆಳಗೆ ಒಂದು ಪಟ್ಟಿ ಇಳಿಬಿಟ್ಟಿತು. ಗೋಡೆಯ ಮೇಲೆ ಅಕ್ಷರ ಕಂಡರೆ ಎಲ್ಲರೂ ಒಟ್ಟಿಗೆ ಜೋರಾಗಿ ಓದಬೇಕೆಂದು ಆ ಮಕ್ಕಳಿಗೆ ಕಲಿಸಿದವಳು ನಾಗಮಣಿಯೇ. ಮಕ್ಕಳು ಓದಿದವು. 'ಪರಸ್ಪರ ಒಪ್ಪಿಗೆಯ ವಿಚ್ಛೇದನ ಅರ್ಜಿ ನಮೂನೆ' ಎಂದು ಮೂವತ್ತು ಕಂಠ ಒಂದೇ ರಾಗದಲ್ಲಿ ಹೇಳಿತು. ಅವಳು ಗಾಬರಿಯಿಂದ ತಾನು ಬರೆದದ್ದನ್ನು ಅಳಿಸಿದಾಗ ಖಾಲಿ ಜಾಗದ ಕೆಳಗೆ ಇನ್ನಷ್ಟು ಇಳಿದವು. ಮಕ್ಕಳು ಅವನ್ನೂ ಬಿಡಲಿಲ್ಲ. 'ಎರಡನೇ ಹೆಂಡತಿಗೆ ಜಮೀನಿನಲ್ಲಿ ಪಾಲು ಉಂಟೇ' ಎಂಬುದನ್ನು ಅವು ಒತ್ತಕ್ಷರ ತಪ್ಪದ ಹಾಗೆ ಓದಿದವಂತೆ. ಅಷ್ಟು ಹೊತ್ತಿಗೆ ಪಕ್ಕದ ಕೋಣೆಯಿಂದ ಮುಖ್ಯ ಶಿಕ್ಷಕಿ ಸರೋಜಮ್ಮನವರು ಬಾಗಿಲಿಗೆ ಬಂದು ನಿಂತಿದ್ದರು.

ಆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸರೋಜಮ್ಮನವರು ತಮ್ಮ ಡಬ್ಬಿಯ ಮೊಸರನ್ನವನ್ನು ಅರ್ಧ ಎತ್ತಿ ನಾಗಮಣಿಯ ತಟ್ಟೆಗೆ ಹಾಕಿದರು. ಹಾಕಿ, ಕೈ ಹಿಡಿದುಕೊಂಡು, "ಧೈರ್ಯವಾಗಿರಿ ನಾಗಮಣಿ. ದೇವ್ರು ದೊಡ್ಡೋನು. ನಿಮ್ಗೆ ಸರ್ಕಾರಿ ಕೆಲ್ಸ ಇದೆ" ಎಂದರು. ಇವಳು "ಅಯ್ಯೋ ಮೇಡಂ, ಅದು ನಮ್ಮನೆಯವ್ರ ಪಾರ್ಟಿಗಳ್ದು" ಎಂದಳು. "ಮೊದಮೊದಲು ಎಲ್ರೂ ಹಂಗೇ ಹೇಳೋದು" ಎಂದರಂತೆ ಸರೋಜಮ್ಮ. ಉಳಿದ ಟೀಚರುಗಳು ಊಟ ನಿಲ್ಲಿಸಿ ಕೇಳುತ್ತಿದ್ದರು. ಯಾರೋ ಒಬ್ಬರು ನೀರಿನ ಲೋಟವನ್ನು ಇವಳ ಹತ್ತಿರಕ್ಕೆ ಸರಿಸಿದರು. ಜಗಳವಾಡುವವರನ್ನು ಎದುರಿಸಬಹುದು, ಮರುಕ ಪಡುವವರನ್ನು ಎದುರಿಸುವುದು ಹೇಗೆ?

ಸಂಜೆ ಬಸ್ಸಿಳಿದು ಬಂದವಳು ಚಪ್ಪಲಿ ಬಿಡುವ ಮೊದಲೇ ವಿಷಯ ಹೇಳಿದಳು. ನಾನು ಮಾಡಬಾರದ ತಪ್ಪು ಮಾಡಿದೆ, ನಕ್ಕೆ. ನಾಗಮಣಿ ಶಾಲೆಯಲ್ಲಿ ಪುಸ್ತಕದ ಕನ್ನಡ ಮಾತಾಡುತ್ತಾಳೆ, ಮನೆಯಲ್ಲಿ ಪೇಟೆಯ ಕನ್ನಡ, ಸಿಟ್ಟು ನೆತ್ತಿಗೇರಿದಾಗ ಮಾತ್ರ ತವರೂರು ಶಾಗ್ಯದ ಕನ್ನಡ. ಅಂದು ಶಾಗ್ಯದ ಕನ್ನಡ ಬಂತು. "ನಗ್ಬೇಡಿ ಕಣ್ರಿ. ಇಪ್ಪತ್ತೆರಡು ವರ್ಸ ಮಾನವಾಗಿ ಕೆಲ್ಸ ಮಾಡಿವ್ನಿ. ಇವತ್ತು ಕೂಸ್ಗೊಳ ಬಾಯಲ್ಲಿ ನನ್ ಸಂಸಾರ ಓದುಸ್ಬುಟ್ರಿ. ಇನ್ನೊಂದ್ಸಲ ಆ ಗೋಡೆ ಮ್ಯಾಲೆ ನಿಮ್ ಪಾರ್ಟಿಗೊಳ ಗೋಳು ಬಂದ್ರೆ ನಾ ಬೆಟ್ಟದ್ ಮ್ಯಾಲಿನ ಇಸ್ಕೂಲ್ಗೆ ಟ್ರಾನ್ಸ್‌ಫರ್ ಬರುಸ್ಕಂಡು ಓಯ್ತೀನಿ. ಮನೇನೂ ಅಲ್ಲೇ ಮಾಡ್ತೀನಿ. ಆವಾಗ ಸರೋಜಮ್ಮೋರು ಏಳಿದ್ದು ನಿಜ ಆಯ್ತದೆ" ಎಂದಳು.

ನನ್ನ ನಗು ಅಲ್ಲಿಗೆ ನಿಂತಿತು. ಅವಳು ಹೋಗುತ್ತೇನೆಂದರೆ ಹೋಗುವವಳೇ. ಬಿಳಿಗಿರಿರಂಗನ ಬೆಟ್ಟದ ಕಡೆಗೆ ಕೆಲಸಕ್ಕೆ ಹೋಗಲು ಒಪ್ಪುವ ಟೀಚರು ಸಿಕ್ಕಿದರೆ ಇಲಾಖೆಯವರು ಹಾರ ಹಾಕಿ ಕಳಿಸಿಯಾರು. "ನೀನು ನೀಲಿ ಬಿಟ್ಟು ಬೇರೆ ಬ್ರೌಸರಿಗೆ ಹೋಗಬಹುದಲ್ಲ" ಎಂದು ಮೆಲ್ಲಗೆ ಕೇಳಿದೆ. "ನಾನ್ಯಾಕೆ ಹೋಗ್ಲಿ? ನನ್ನ ಜಾಗದಲ್ಲಿ ನಾನಿದ್ದೀನಿ. ಬಂದು ಹೊಕ್ಕಿರೋರು ನೀವು" ಎಂದಳು. ಕ್ರಯಪತ್ರ ಬರೆಯುವವನಿಗೆ ಸ್ವಾಧೀನ ಯಾರದೆಂಬ ಮಾತು ಕೂಡಲೇ ಅರ್ಥವಾಗುತ್ತದೆ. ಹಳೆಯದನ್ನೆಲ್ಲ ಅಳಿಸಿದರೂ ನಾಳೆ ಬೆಳಗ್ಗೆ ಮತ್ತೆ ತುಂಬುತ್ತದೆ, ಅದರಿಂದ ಪ್ರಯೋಜನವಿಲ್ಲ. ರೈಟ್ ಕ್ಲಿಕ್ಕನ್ನೇ ಕಿತ್ತಳೆಗೆ ತಿರುಗಿಸಬೇಕು, ಬೇರೆ ದಾರಿಯಿಲ್ಲ. "ಒಂದು ವಾರ ಕೊಡು, ಸರಿ ಮಾಡ್ತೀನಿ" ಎಂದು ಮಾತು ಕೊಟ್ಟೆ. ನಾಗಮಣಿ ಒಮ್ಮೆ ಗೋಡೆ ಗಡಿಯಾರದ ಕಡೆ ನೋಡಿ ಒಳಗೆ ಹೋದಳು.

ಮಾರನೆಯ ಬೆಳಗ್ಗೆಯೇ ಶುರು ಮಾಡಿದೆ. ಕಂಪ್ಯೂಟರಿನ ಸೆಟ್ಟಿಂಗ್ಸಿಗೆ ಹೋಗಿ, ಇನ್ನು ಮುಂದೆ ಎಲ್ಲವನ್ನೂ ಕಿತ್ತಳೆಯಲ್ಲೇ ತೆರೆಯತಕ್ಕದ್ದು ಎಂದು ಬದಲಾಯಿಸಿದೆ. ಯಂತ್ರ 'ಆಯಿತು' ಎಂದಿತು. ಮಿಂಚಂಚೆಯ ಕೊಂಡಿ ಒತ್ತಿದೆ, ಕಿತ್ತಳೆ ತೆರೆಯಿತು. ಸಂತೋಷದಿಂದ ಕರಡಿಗೆ ಬಂದು ರೈಟ್ ಕ್ಲಿಕ್ ಮಾಡಿ ಹುಡುಕಿದೆ, ನೀಲಿ ತೆರೆಯಿತು. ಮತ್ತೆ ಸೆಟ್ಟಿಂಗ್ಸಿಗೆ ಹೋದೆ. ಅಲ್ಲಿ ಕಿತ್ತಳೆ ಎಂದೇ ಇದೆ. ಮತ್ತೆ ಹುಡುಕಿದೆ, ನೀಲಿ. ಹೀಗೆ ಆರು ಸಲ. ಒಪ್ಪಂದಕ್ಕೆ ಸಹಿ ಹಾಕಿ ಗದ್ದೆ ಮಾತ್ರ ಬಿಟ್ಟುಕೊಡದ ಪಾರ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಂಪ್ಯೂಟರು ಆ ಪೈಕಿಯದು ಎಂದು ಅಂದು ತಿಳಿಯಿತು.

ರಿಪೇರಿ ಅಂಗಡಿಯ ನಂಜುಂಡನ ಹತ್ತಿರ ಹೋದೆ. ನಂಜುಂಡ ನನ್ನ ವಾರಿಗೆಯವನೇ, ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟಿವಿ, ಈಗ ಕಂಪ್ಯೂಟರು. ಎಲ್ಲವನ್ನೂ ಕೇಳಿಸಿಕೊಂಡು, "ಅದು ಬದ್ಲಾಗಕ್ಕಿಲ್ಲ ಸಾ, ಅದ್ಕೆ ಒಳಗಿಂದ್ಲೇ ಹಂಗ್ ಮಾಡವ್ರೆ. ಅದ್ಯಾಕ್ ತಲೆ ಕೆಡಿಸ್ಕತೀರಿ? ಬಳೀರಿ, ಕಾಪಿ ಮಾಡಿ, ಕಿತ್ತಳೇಲಿ ಪೇಸ್ಟ್ ಮಾಡಿ. ಎಲ್ಡು ಬೆಳ್ಳು ಜಾಸ್ತಿ ಆಡ್ಸದ್ರೆ ನಿಮ್ದೇನ್ ಓಯ್ತದೆ?" ಎಂದ. ನ್ಯಾಯವಾದ ಮಾತು. ಮೂರು ದಿನ ಹಾಗೆಯೇ ಮಾಡಿದೆ. ಪ್ರತಿ ಸಲ ರೈಟ್ ಕ್ಲಿಕ್ಕಿಗೆ ಹೋಗುವ ಬೆರಳನ್ನು ಎಡಗೈಯಿಂದ ಹಿಡಿದು ತಡೆಯುತ್ತಿದ್ದೆ. ಮೂವತ್ತು ವರ್ಷ ಒಂದೇ ರೀತಿ ಬರೆದ ಕೈ ಅದು. 'ಸದರಿ ಸ್ವತ್ತು' ಎಂದ ಮೇಲೆ 'ಇದರ ಚಕ್ಕುಬಂದಿ' ಎಂದು ತಾನಾಗಿ ಬರೆದುಬಿಡುವ ಕೈ. ನಾಲ್ಕನೆಯ ದಿನ ಮೈಮರೆತೆ. ಅದೂ ಎಂಥ ಸಾಲಿನ ಮೇಲೆ ಮೈಮರೆತೆ ನೋಡಿ! ಮುಡಿಗುಂಡದ ಒಬ್ಬರ ಕರಡಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಹೀಗಿತ್ತು: 'ಹೆಂಡತಿಯ ತವರಿನ ಆಸ್ತಿಯಲ್ಲಿ ಪಾಲು ಕೇಳುವುದು ಹೇಗೆ?' ಬಳಿದೆ, ಒತ್ತಿದೆ, ನೀಲಿ ತೆರೆಯಿತು. ತಲೆ ಚಚ್ಚಿಕೊಂಡು ಮುಚ್ಚಿದೆ. ಆದರೆ ನೀಲಿಗೆ ಒಮ್ಮೆ ಕೇಳಿದ್ದು ಕೇಳಿದಂತೆಯೇ.

ಆ ದಿನ ಶಾಲೆಯ ಗೋಡೆಯ ಮೇಲೆ ಬಂದದ್ದು ಅದೇ ಸಾಲು. ಈ ಸಲ ತರಗತಿಯಲ್ಲಲ್ಲ, ಟೀಚರುಗಳ ಸಭೆಯಲ್ಲಿ. ಆ ಟೀಚರುಗಳಲ್ಲಿ ಒಬ್ಬಾಕೆಯ ತವರು ಶಾಗ್ಯ. ಅಲ್ಲಿಂದ ಮೂರನೆಯ ದಿನ ಭಾನುವಾರ, ನಾನು ಕಾಫಿ ಕುಡಿಯುತ್ತಿರುವಾಗ, ಹನೂರು ಬಸ್ಸಿಳಿದು ನಾಗಮಣಿಯ ತಮ್ಮ ಶಿವಮಲ್ಲು ಒಂದು ಚೀಲ ಹುರುಳಿಕಾಳು ಹೊತ್ತುಕೊಂಡು ಬಂದ.

ಶಿವಮಲ್ಲು ಸಂಕೋಚದ ಮನುಷ್ಯ. ಬಂದ ಕೆಲಸವನ್ನು ನೇರವಾಗಿ ಹೇಳುವವನಲ್ಲ. ಮಳೆ ವಿಚಾರ ಹೇಳಿದ, ಜೋಳದ ವಿಚಾರ ಹೇಳಿದ, ಹಂದಿ ಬಂದು ತೋಟ ತುಳಿದದ್ದು ಹೇಳಿದ. ಆಮೇಲೆ ಚೀಲವನ್ನು ನನ್ನ ಕಡೆಗೆ ಸ್ವಲ್ಪ ಸರಿಸಿ, "ಭಾವ, ನಮ್ಮಕ್ಕನ್ನ ನೀವು ಚೆನ್ನಾಗೇ ನೋಡ್ಕಂಡಿದ್ದೀರಿ. ನಾವಿಲ್ಲ ಅನ್ನಕ್ಕಿಲ್ಲ. ಏನಾರ ಒಂದ್ ಮಾತು ಎಚ್ಚುಕಮ್ಮಿ ಆಗಿದ್ರೆ ಕೂತ್ಕಂಡು ಬಗೆಅರ್ಸ್ಕಳಮ" ಎಂದ. ನಾನು "ಏನೂ ಆಗಿಲ್ಲಪ್ಪ" ಎಂದೆ. ಅವನು ತಲೆ ತಗ್ಗಿಸಿದ. "ಅಂಗಲ್ಲ ಭಾವ. ಆ ಕೆರೆ ಪಕ್ಕದ ಒಂದೆಕ್ರೆ ಅಕ್ಕುಂಗೆ ಅಂತ ಅಪ್ಪ ಬಾಯ್ಮಾತಲ್ಲಿ ಏಳಿದ್ದು ನಿಜ. ನೀವು ಬಾಯ್ಬುಟ್ಟು ಕೇಳಿದ್ರೆ ನಾ ಇಲ್ಲ ಅಂತಿದ್ನಾ? ಅದ್ಕೆ ಕಂಪ್ಯೂಟ್ರುನ್ಯಾಕೆ ಕೇಳಕ್ಕೋದ್ರಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ನನಗೆ ಆ ಎಕರೆ ಇರುವುದೇ ಗೊತ್ತಿರಲಿಲ್ಲ. ನಾಗಮಣಿಗೂ ಗೊತ್ತಿರಲಿಲ್ಲ. ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಥಟ್ಟನೆ ನಿಂತಿತು.

ಅದನ್ನೆಲ್ಲ ಬಿಡಿಸಿ ಹೇಳಿ, ಮುಡಿಗುಂಡದವರ ಕರಡು ತೋರಿಸಿ, ಶಿವಮಲ್ಲುವಿಗೆ ಊಟ ಹಾಕಿ ಕಳಿಸುವ ಹೊತ್ತಿಗೆ ನನಗೆ ಸಾಕಾಗಿಹೋಗಿತ್ತು. ಅವನು ನಂಬಿದನೋ ಇಲ್ಲವೋ ಈಗಲೂ ಹೇಳಲಾರೆ. ಹುರುಳಿಚೀಲವನ್ನು ಮಾತ್ರ ವಾಪಸು ಕೊಂಡೊಯ್ಯಲಿಲ್ಲ. ಅವನು ಬಸ್ಸು ಹತ್ತಿದ ಮೇಲೆ ನಾಗಮಣಿ, "ವಾರ ಆಯ್ತು" ಎಂದಳು, ಅಷ್ಟೇ. ಅವಳು ಟ್ರಾನ್ಸ್‌ಫರ್ ಅರ್ಜಿಯ ನಮೂನೆ ತಂದು ಟಿವಿಯ ಪಕ್ಕದಲ್ಲಿ, ನನಗೆ ಕಾಣುವ ಹಾಗೆ ಇಟ್ಟಿದ್ದಳು. ಅದನ್ನು ನೋಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಊರೆಲ್ಲರ ಅರ್ಜಿ ಬರೆಯುವ ನನ್ನ ಹತ್ತಿರ ಅವಳು ಅದನ್ನು ತುಂಬಿಸಿಕೊಡಿ ಎಂದು ಕೇಳಿದರೆ ನಾನು ಏನು ಮಾಡಬೇಕು? ಅಂದೇ ನಿಶ್ಚಯಿಸಿದೆ. ಗಡಿಯಾರಕ್ಕೆ ಹನ್ನೆರಡು ದಿನ ಕೊಟ್ಟವನು ಇದಕ್ಕೆ ಹನ್ನೆರಡು ತಿಂಗಳು ಕೊಟ್ಟರೂ ಸರಿಯೇ, ರೈಟ್ ಕ್ಲಿಕ್ ತಿರುಗಲೇಬೇಕು.

ಹುಡುಕುತ್ತಾ ಹೋದಾಗ (ಕಿತ್ತಳೆಯಲ್ಲಿ, ಕೈಯಾರೆ ಟೈಪು ಮಾಡಿ) ಗೊತ್ತಾಯಿತು, ನನ್ನಂತೆ ಈ ಸಂಕಟದಲ್ಲಿರುವವರು ಲೋಕದ ತುಂಬ ಇದ್ದಾರೆ. ಅವರಲ್ಲಿ ಯಾರೋ ಪುಣ್ಯಾತ್ಮರು ಒಂದು ಉಪಾಯ ಬರೆದಿದ್ದರು. ಇರುವ ರೈಟ್ ಕ್ಲಿಕ್ಕನ್ನು ತಿದ್ದಲಾಗದು. ಆದರೆ ಅದರ ಪಟ್ಟಿಗೆ ನಮ್ಮದೇ ಇನ್ನೊಂದು ಸಾಲನ್ನು ಸೇರಿಸಬಹುದು. ಕರಡು ಬರೆಯುವ ತಂತ್ರಾಂಶದೊಳಗೆ ಏಳು ಸಾಲಿನ ಒಂದು ಆದೇಶ ಬರೆದಿಟ್ಟರೆ, ಬಳಿದ ಪದವನ್ನು ಅದು ಎತ್ತಿಕೊಂಡು ಹೋಗಿ ನಾವು ಹೇಳಿದ ಬ್ರೌಸರಿಗೆ ಕೊಡುತ್ತದೆ. ಮ್ಯಾಕ್ರೋ ಎಂದು ಅದರ ಹೆಸರು. ಏಳೇ ಸಾಲು! ನಾನು ಬರೆಯುವ ಸಾಧಾರಣ ವಿಭಾಗಪತ್ರದಲ್ಲಿ ಒಂದು ವಾಕ್ಯವೇ ಏಳು ಸಾಲಿರುತ್ತದೆ. ಎಲೆಯಡಿಕೆ ಹಾಕಿಕೊಂಡು ಕೂತೆ.

ಏಳು ಸಾಲು ನನ್ನನ್ನು ಒಂಬತ್ತು ಬೆಳಗು ಕಾಡಿಸಿತು. ಮೊದಲನೆಯ ಬೆಳಗು ಬರೆದದ್ದನ್ನು ಓಡಿಸಿದರೆ ಮೂರನೆಯ ಸಾಲು ಕೆಂಪಗಾಯಿತು. ಅಕ್ಷರಕ್ಕೆ ಅಕ್ಷರ ತಾಳೆ ನೋಡಿದೆ, ಯಾವ ವ್ಯತ್ಯಾಸವೂ ಇಲ್ಲ. ನಾಲ್ಕು ಬೆಳಗು ಆ ಸಾಲಿನ ಮುಂದೆ ಕೂತೆ. ಐದನೆಯ ದಿನ ನಾಗಮಣಿ ಟಿಫಿನ್ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಹಿಂದೆ ಬಂದು ನಿಂತಳು. ಇಪ್ಪತ್ತೆರಡು ವರ್ಷ ಕಾಪಿ ಪುಸ್ತಕ ತಿದ್ದಿದ ಕಣ್ಣು. "ಈ ಉದ್ಧರಣ ಚಿಹ್ನೆ ಬಾಗಿದೆ, ಅಲ್ಲಿರೋದು ನೆಟ್ಟಗಿದೆ" ಎಂದು ಸೌಟಿನ ತುದಿಯಿಂದ ತೋರಿಸಿದಳು. ಹೌದು! ಇಂಟರ್‌ನೆಟ್ಟಿನಿಂದ ಎತ್ತಿ ತಂದಾಗ ಚಿಹ್ನೆಗಳು ಅಂದವಾಗಿ ಬಾಗಿಕೊಂಡಿದ್ದವು. ಆದೇಶದ ಭಾಷೆಗೆ ನೆಟ್ಟಗಿದ್ದರೇ ತಿಳಿಯುವುದು. "ನಾಗೂ, ನೀನು ಬಂಗಾರ" ಎಂದೆ. "ನಂಗೆ ಬಸ್ಸಿಗೆ ಹೊತ್ತಾಯ್ತು" ಎಂದಳು. ಆದರೂ ಆ ದಿನ ಬೆಳಗ್ಗೆ ನನ್ನ ಜೊತೆ ಎರಡು ವಾಕ್ಯ ಮಾತಾಡಿದ್ದಳು. ಅಷ್ಟು ದಿನ ಒಂದೊಂದು ಪದದಲ್ಲೇ ಮುಗಿಸುತ್ತಿದ್ದಳು.

ಚಿಹ್ನೆ ನೆಟ್ಟಗಾಯಿತು. ಆಮೇಲೆ ಯಂತ್ರ, ನೀನು ಹೇಳಿದ ಬ್ರೌಸರು ಆ ವಿಳಾಸದಲ್ಲಿ ಸಿಗಲಿಲ್ಲ ಎಂದಿತು. ವಿಳಾಸದ ನಡುವೆ ಒಂದು ಖಾಲಿ ಜಾಗ ಇದ್ದದ್ದರಿಂದ ಅದು ಅರ್ಧ ದಾರಿಗೆ ನಿಂತುಬಿಡುತ್ತಿತ್ತಂತೆ. ವಿಳಾಸದ ಎರಡೂ ಬದಿಗೆ ಜೋಡಿ ಚಿಹ್ನೆಯ ಬೇಲಿ ಹಾಕಬೇಕೆಂದು ತಿಳಿಯಲು ಎರಡು ಬೆಳಗು ಹೋಯಿತು. ಏಳನೆಯ ದಿನ ರೈಟ್ ಕ್ಲಿಕ್ ಮಾಡಿದಾಗ ಪಟ್ಟಿಯ ತಲೆಯ ಮೇಲೆ 'ಕಿತ್ತಳೆಯಲ್ಲಿ ಹುಡುಕು' ಎಂಬ ನನ್ನದೇ ಸಾಲು ಕಾಣಿಸಿತು. ನನ್ನ ಹೆಸರು ಪತ್ರಿಕೆಯಲ್ಲಿ ಬಂದಿದ್ದರೂ ಅಷ್ಟು ಸಂತೋಷವಾಗುತ್ತಿರಲಿಲ್ಲ. ಒತ್ತಿದೆ. ಕಿತ್ತಳೆ ತೆರೆಯಿತು! ಹುಡುಕುವ ಜಾಗದಲ್ಲಿ ನಾನು ಬಳಿದಿದ್ದ 'ಜೀವನಾಂಶ' ಎಂಬ ಪದದ ಬದಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿದ್ದವು. ಇಂಗ್ಲಿಷ್ ಪದ ಕೊಟ್ಟರೆ ಸರಿಯಾಗಿ ಹೋಗುತ್ತದೆ, ಕನ್ನಡ ಕೊಟ್ಟರೆ ದಾರಿಯಲ್ಲಿ ಪ್ರಶ್ನೆಯಾಗಿಬಿಡುತ್ತದೆ. ನಂಜುಂಡನನ್ನು ಕೇಳಿದರೆ, "ಇಂಗ್ಲಿಸ್ನಲ್ಲೇ ಉಡ್ಕಿ ಸಾ" ಎಂದ. ನನಗೆ ರೇಗಿತು. ಮೂವತ್ತು ವರ್ಷ ಕನ್ನಡದಲ್ಲಿ ಪತ್ರ ಬರೆದು, ಕೊನೆಗೆ ನನ್ನ ಮನೆಯ ಮೌಸಿನ ಮುಂದೆ ಇಂಗ್ಲಿಷಿಗೆ ಕೈಮುಗಿಯಲೇ? ಇನ್ನೆರಡು ಬೆಳಗು ಕೂತು, ಕನ್ನಡದ ಅಕ್ಷರವನ್ನು ಬ್ರೌಸರಿಗೆ ತಿಳಿಯುವ ಅಂಕಿಗಳಾಗಿ ಬದಲಾಯಿಸಿ ಕಳಿಸುವ ಇನ್ನೂ ಹನ್ನೆರಡು ಸಾಲು ಸೇರಿಸಿದೆ. ಒಂಬತ್ತನೆಯ ದಿನ 'ಜೀವನಾಂಶ' ಎಂಬುದು 'ಜೀವನಾಂಶ'ವಾಗಿಯೇ ಕಿತ್ತಳೆಯಲ್ಲಿ ಇಳಿಯಿತು. ಬೆರಳು ತಪ್ಪಬಾರದೆಂದು ಹಳೆಯ 'ವೆಬ್‌ನಲ್ಲಿ ಹುಡುಕು' ಎಂಬ ಸಾಲನ್ನು ಪಟ್ಟಿಯಿಂದಲೇ ತೆಗೆದುಹಾಕಿದೆ.

ಗೆದ್ದವನು ಸುಮ್ಮನಿರಲಾರ. ನಂಜುಂಡನನ್ನು ಕರೆತಂದು ತೋರಿಸಿದೆ. "ಎಲ್ಡು ಬೆಳ್ಳು ಉಳ್ಸಕ್ಕೆ ಇಷ್ಟ್ ಕಷ್ಟಪಟ್ರಾ ಸಾ" ಎಂದು ಅವನು ನನ್ನನ್ನೇ ನೋಡಿದ. ಶಿವಮಲ್ಲುವಿಗೆ ಫೋನು ಮಾಡಿ, ಇನ್ನು ನನ್ನ ಕಚೇರಿ ಕೆಲಸದ್ದೆಲ್ಲ ನನ್ನ ಬ್ರೌಸರಿನಲ್ಲೇ ಇರುತ್ತದೆ, ಅಕ್ಕನ ಕಡೆ ಒಂದಕ್ಷರವೂ ಬರುವುದಿಲ್ಲ ಎಂದು ವಿವರಿಸಿದೆ. "ಅಂದ್ರೆ ಇನ್ಮ್ಯಾಕೆ ನೀವು ಏನ್ ನೋಡ್ತೀರಿ ಅಂತ ನಮ್ಮಕ್ಕುಂಗೆ ಗೊತ್ತಾಗಕ್ಕಿಲ್ಲ ಅನ್ನಿ" ಎಂದ. ಅದರಲ್ಲಿ ಸಂತೋಷವಿರಲಿಲ್ಲ. ಮುಂದಿನ ಭಾನುವಾರ ಇನ್ನೊಂದು ಚೀಲ ಹುರುಳಿ ಬಂತು.

ಪಾರ್ಟಿಗಳ ಹಳೆಯ ಸಾಲುಗಳನ್ನು ನಾಗಮಣಿ ತಾನೇ ಹೆಕ್ಕಿ ಅಳಿಸಿದಳು, ಅವಳ ಶಾಲೆಯ ಗೋಡೆ ಚೊಕ್ಕಟವಾಯಿತು. 'ಪರ' ಎಂದರೆ ಪರಿಸರವೇ ಬರತೊಡಗಿತು. ಟ್ರಾನ್ಸ್‌ಫರ್ ಅರ್ಜಿ ಟಿವಿಯ ಪಕ್ಕದಿಂದ ಮಾಯವಾಯಿತು. ಇಷ್ಟಾದರೂ ಅವಳ ಮುಖ ಅರಳಲಿಲ್ಲ. ಮೂರು ವಾರ ನೋಡಿದೆ. ಏನೋ ಕೇಳಬೇಕೆಂದು ಬಾಯಿ ತೆರೆಯುವುದು, ಆಮೇಲೆ ಸುಮ್ಮನಾಗುವುದು. ಕೊನೆಗೆ ಒಂದು ಸಂಜೆ ನಾನೇ ಕೇಳಿದೆ, "ಎಲ್ಲ ಸರಿಹೋಯಿತಲ್ಲ, ಇನ್ನೇನು?" ಅವಳು ಕಾಳು ಆರಿಸುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟಳು.

"ನಿಮ್ಮ ಪಾದದ ಉರಿ ಹೇಗಿದೆ?"

ನಾನು ಕಕ್ಕಾಬಿಕ್ಕಿಯಾದೆ. ಪಾದ ಉರಿಯುವ ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆಸ್ಪತ್ರೆ, ಪಥ್ಯ ಎಂದು ಎಳೆದಾಡುತ್ತಾರೆಂಬ ಭಯ. ಒಂದು ಬೆಳಗ್ಗೆ ಖಾಲಿ ಕರಡು ತೆರೆದು, ಅದರ ತಲೆಯ ಮೇಲೆ ದಪ್ಪಕ್ಷರದಲ್ಲಿ, ಯಾವುದೋ ಪಾರ್ಟಿಯ ಸಂಶಯವೆಂಬಂತೆ, 'ಮಲಗಿದಾಗ ಪಾದ ಉರಿಯಲು ಕಾರಣವೇನು' ಎಂದು ಬರೆದು, ಬಳಿದು, ಒತ್ತಿದ್ದೆ. ಆಮೇಲೂ ಆಗಾಗ. ಎಲ್ಲವೂ ಅವಳ ನೀಲಿಗೆ ಹೋಗಿ, ಅವಳ ಮೊಬೈಲಿಗೆ ಇಳಿದಿತ್ತು. ಅಂದಿನಿಂದಲೇ ಕಾಫಿಯ ಸಕ್ಕರೆ ಅರ್ಧವಾಗಿತ್ತು, ಅನ್ನ ಕಡಿಮೆಯಾಗಿ ಮುದ್ದೆ ದೊಡ್ಡದಾಗಿತ್ತು. ನಾನು ಈ ಸಲದ ಸಕ್ಕರೆಯಲ್ಲಿ ಸತ್ವವೇ ಇಲ್ಲವೆಂದು ದಿನಸಿ ಅಂಗಡಿಯವರ ಮೇಲೆ ಜಗಳಕ್ಕೆ ಹೋಗಿಬಂದಿದ್ದೆ.

"ಮತ್ತೆ ನನ್ನನ್ನೇ ಕೇಳಬಾರದಿತ್ತೆ?" ಎಂದೆ.

"ನೀವೇ ಹೇಳ್ತೀರೇನೋ ಅಂತ ಕಾದೆ. ಹೇಳ್ದೇ ಇದ್ರೂ ಗೊತ್ತಾಗ್ತಿತ್ತಲ್ಲ. ಈಗ ಮೂರು ವಾರದಿಂದ ಏನೂ ಗೊತ್ತಾಗ್ತಿಲ್ಲ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳು ನನ್ನೆದುರು ಅತ್ತದ್ದು ಎರಡೋ ಮೂರೋ ಸಲ. "ನಾಳೆ ಸಕ್ಕರೆ ಪರೀಕ್ಷೆಗೆ ಲ್ಯಾಬಿಗೆ ಹೋಗೋಣ" ಎಂದೆ.

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದೆವು. ನಾಗಮಣಿ ಅರ್ಧ ದಿನದ ರಜೆ ಹಾಕಿದ್ದಳು. ಚೀಟಿ ಬರೆಯುವ ಹೆಣ್ಣುಮಗಳು ಹೆಸರು, ವಯಸ್ಸು, ಬಂದ ತೊಂದರೆ ಬರೆದುಕೊಂಡು, "ಎಷ್ಟ್ ದಿನದಿಂದ ಸಾ ಪಾದ ಉರಿ?" ಎಂದು ಕೇಳಿದಳು.

"ಈಚೆಗೆ ಕಣಮ್ಮ. ಒಂದೆರಡು ವಾರ ಇರಬಹುದು" ಎಂದೆ.

ನಾಗಮಣಿ ಬ್ಯಾಗಿನಿಂದ ಮೊಬೈಲ್ ತೆಗೆದು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಮೇಲೆ ಮೇಲೆ ಸರಿಸಿದಳು. "ಮೊದಲನೇ ಸಲ ಆಯುಧಪೂಜೆ ಆದ ಮಾರನೇ ದಿನ, ಬೆಳಗ್ಗೆ ಆರೂ ಹತ್ತು. ಆಮೇಲೆ ಹನ್ನೊಂದು ಸಲ. ಒಂದ್ಸಲ ಎಡಗಾಲು ಅಂತಿದೆ, ಉಳಿದದ್ದೆಲ್ಲ ಎರಡೂ ಕಾಲು" ಎಂದಳು. ಹೆಣ್ಣುಮಗಳು ಎಲ್ಲವನ್ನೂ ಬರೆದುಕೊಂಡಳು. ಮುಂದಿನ ಪ್ರಶ್ನೆಯನ್ನು ನನ್ನನ್ನು ಕೇಳಲೇ ಇಲ್ಲ. "ಬೇರೆ ಏನಾರ ತೊಂದ್ರೆ ಇದ್ಯಾ ಮೇಡಂ?" ಎಂದಳು.

"ಈಚಿನದು ನಂಗೊತ್ತಿಲ್ಲಮ್ಮ. ಬ್ರೌಸರ್ ಬದಲಾಯಿಸ್ಕೊಂಡಿದ್ದಾರೆ. ಅವರನ್ನೇ ಕೇಳು."

ಇಬ್ಬರೂ ನನ್ನ ಕಡೆ ತಿರುಗಿದರು. 'ನಿಧಾನವಾಗಿ ಹೇಳಿ, ಏನೂ ಬಿಟ್ಟುಹೋಗದ ಹಾಗೆ ಹೇಳಿ' ಎಂದು ಪಾರ್ಟಿಗಳಿಗೆ ಮೂವತ್ತು ವರ್ಷ ಹೇಳುತ್ತಾ ಬಂದವನು ನಾನು. ಆದರೂ ಪಕ್ಕದ್ಮನೆಯವರಿಗೆ ಎಂದು ಹೇಳಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಕೊನೆಗೆ "ಕಣ್ಣು ಸ್ವಲ್ಪ ಮಂಜಾಗುತ್ತೆ" ಎಂದೆ.

ನಾಗಮಣಿ ಮೊಬೈಲನ್ನು ಬ್ಯಾಗಿಗೆ ಹಾಕಿ, ಕನ್ನಡಕ ತೆಗೆದು, "ಹೂಂ, ಆಮೇಲೆ?" ಎಂದು ನನ್ನ ಬಾಯನ್ನೇ ನೋಡುತ್ತಾ ಕೂತಳು.